ಮೊದಲ ಮುಖ್ಯಮಂತ್ರಿಯ ಒಂದೇ ಪ್ರಶ್ನೆ

ನಸುಕಿನಲ್ಲಿ ಮಾರಿಕುಪ್ಪಂ ಬಿಟ್ಟ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ಜಂಕ್ಷನ್ನಿಗೆ ಬರುವಷ್ಟರಲ್ಲಿ ಬೋಗಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ತಮಿಳು, ತೆಲುಗು, ಕನ್ನಡ, ಉರ್ದು ಒಟ್ಟಿಗೆ ಕಿವಿಗೆ ಬೀಳುತ್ತವೆ. ಬುತ್ತಿಯ ಚೀಲ ಕೊಕ್ಕೆಗೆ ನೇತುಹಾಕಿ ನಿಂತಲ್ಲೇ ತೂಕಡಿಸುವವರ ನಡುವೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದ ಹುಡುಗ ಹುಡುಗಿಯರೂ ಇರುತ್ತಾರೆ. ಆ ಪುಸ್ತಕಗಳಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ: ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು? ಉತ್ತರ ಎಲ್ಲರಿಗೂ ಗೊತ್ತು, ಕೆ.ಸಿ. ರೆಡ್ಡಿ. ಒಂದು ಅಂಕ ಸಿಗುತ್ತದೆ, ಪುಟ ತಿರುಗುತ್ತದೆ. ಆ ರೈಲು ಓಡುವ ಸೀಮೆಯ ಹಳ್ಳಿಯೊಂದರಲ್ಲೇ ಹುಟ್ಟಿದ ಆ ಮನುಷ್ಯ ಮುಖ್ಯಮಂತ್ರಿಯಾಗುವ ಮೊದಲು ಏನು ಮಾಡಿದರು, ಆಮೇಲೆ ಎಲ್ಲಿಗೆ ಹೋದರು ಎಂಬುದು ಅದೇ ಬೋಗಿಯಲ್ಲಿ ಕೇಳಿದರೂ ಹೇಳುವವರು ಕಡಿಮೆ.

ಪಟ್ಟಿಯ ಮೊದಲ ಹೆಸರು

ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ ಹುಟ್ಟಿದ್ದು 1902ರ ಮೇ 4ರಂದು. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಬಹುಕಾಲ ಬಂಗಾರಪೇಟೆ ತಾಲ್ಲೂಕಿನಲ್ಲಿದ್ದ ಕ್ಯಾಸಂಬಳ್ಳಿ ಈಗ ಕೆಜಿಎಫ್ ತಾಲ್ಲೂಕಿಗೆ ಸೇರಿದೆ. ಅವರು ಹುಟ್ಟಿದ ವರ್ಷವೇ ಶಿವನಸಮುದ್ರದ ವಿದ್ಯುತ್ತು ಚಿನ್ನದ ಗಣಿಗಳಿಗೆ ಹರಿದು ಬಂತು. ಕಾನೂನು ಓದಿದ ಈ ರೈತ ಕುಟುಂಬದ ಯುವಕ 1947ರಿಂದ 1952ರವರೆಗೆ ಮೈಸೂರಿನ ಮುಖ್ಯಮಂತ್ರಿ, ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನೆಹರೂ ಸಂಪುಟದ ಸಚಿವ, 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲ. 1976ರ ಫೆಬ್ರುವರಿ 27ರಂದು ತೀರಿಕೊಂಡರು. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ ಎಂಬುದು ನಿಜ. ಆದರೆ ವಿಧಾನಸೌಧದಲ್ಲಿ ಇಂದು ಕೂರುವವರ ಅಧಿಕಾರದ ಮೂಲ ಹುಡುಕಿದರೆ 1956ಕ್ಕಿಂತ ಹಿಂದೆ, 1947ರ ಅಕ್ಟೋಬರಿಗೆ ಹೋಗಬೇಕಾಗುತ್ತದೆ.

ಇಷ್ಟು ದೊಡ್ಡ ಪದವಿಗಳ ಸಾಲು ಇದ್ದೂ ರೆಡ್ಡಿಯವರ ನೆನಪು ಮಸುಕಾಗಿರುವುದಕ್ಕೆ ಕಾರಣ, ನಾವು ರಾಜಕಾರಣಿಯನ್ನು ಅಳೆಯುವ ಕೋಲು. ಯಾರು ಏನು ಕಟ್ಟಿಸಿದರು ಎಂದು ಕೇಳುವುದು ನಮ್ಮ ರೂಢಿ. ಅಣೆಕಟ್ಟು, ಕಾರ್ಖಾನೆ, ಕಟ್ಟಡ ಕಣ್ಣಿಗೆ ಕಾಣುತ್ತವೆ, ಹೆಸರು ಉಳಿಸುತ್ತವೆ. ರೆಡ್ಡಿಯವರು ಮಾಡಿದ ಮುಖ್ಯ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಆಡಳಿತ ನಡೆಸುವವರು ಯಾರಿಗೆ ಉತ್ತರ ಕೊಡಬೇಕು ಎಂಬ ಪ್ರಶ್ನೆಯನ್ನು ಅವರು ಹಳೇ ಮೈಸೂರಿನಲ್ಲಿ ಎತ್ತಿ ಹಿಡಿದರು, ಅದಕ್ಕೆ ಉತ್ತರ ಸಿಗುವವರೆಗೆ ಬಿಡಲಿಲ್ಲ. ಅವರ ಬದುಕಿನ ಪ್ರತಿ ಘಟ್ಟದಲ್ಲೂ ಆ ಪ್ರಶ್ನೆಯೇ ಮತ್ತೆ ಎದುರಾಯಿತು. ಕೆಲವೆಡೆ ಅವರು ಗೆದ್ದರು, ಕೆಲವೆಡೆ ತಡವರಿಸಿದರು, ತಮ್ಮ ಹುಟ್ಟೂರಿನ ಪಕ್ಕದಲ್ಲೇ ಅದನ್ನು ಕೊನೆ ಮುಟ್ಟಿಸಲಾಗಲಿಲ್ಲ. ಹೀಗೆ ನೋಡಿದಾಗ ಮಾತ್ರ ಅವರ ಸಂಸದೀಯ ಜೀವನಕ್ಕೆ ಒಂದು ಅರ್ಥ ಹೊಳೆಯುತ್ತದೆ ಎಂಬುದು ಈ ಲೇಖನದ ವಾದ.

ಮನವಿ ಕೊಡುವ ಸಭೆ

ಮೈಸೂರು ಸಂಸ್ಥಾನದಲ್ಲಿ ಸಭೆಗಳಿಗೆ ಕೊರತೆ ಇರಲಿಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಇತರ ಬಹುಪಾಲು ಸಂಸ್ಥಾನಗಳಲ್ಲಿ ಇಂಥದ್ದೇನೂ ಇಲ್ಲದಿದ್ದ ಕಾಲದಲ್ಲಿ ಇದು ದೊಡ್ಡ ಹೆಜ್ಜೆಯೇ. ಕೆರೆಯ ತೂಬು, ಕಂದಾಯ, ರಸ್ತೆ, ಶಾಲೆ ಹೀಗೆ ಹಳ್ಳಿಯ ಅಹವಾಲುಗಳನ್ನು ಸದಸ್ಯರು ದಿವಾನರ ಮುಂದೆ ಇಡಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು, ಆಯವ್ಯಯ ಚರ್ಚಿಸಬಹುದಿತ್ತು. ದಿವಾನರನ್ನು ಕೆಳಗಿಳಿಸಲು ಮಾತ್ರ ಆಗುತ್ತಿರಲಿಲ್ಲ. ಅವರನ್ನು ನೇಮಿಸುವವರು ಮಹಾರಾಜರು, ತೆಗೆಯುವವರೂ ಅವರೇ. ಸಭೆಯ ಬಹುಮತ ಒಂದು ಕಡೆ ನಿಂತರೂ ಸರ್ಕಾರ ಇನ್ನೊಂದು ಕಡೆ ನಿಶ್ಚಿಂತೆಯಿಂದ ಇರಬಹುದಿತ್ತು. ಜವಾಬ್ದಾರಿ ಸರ್ಕಾರ ಬೇಕು ಎಂದು ಆ ಕಾಲದ ರಾಜಕಾರಣಿಗಳು ಕೇಳಿದ್ದು ಈ ಕೊರತೆ ತುಂಬಲೆಂದೇ: ಸಭೆಯ ವಿಶ್ವಾಸ ಇರುವವರೆಗೆ ಮಾತ್ರ ಮಂತ್ರಿ ಮಂಡಲ ಇರಬೇಕು.

ಆ ಬೇಡಿಕೆ ಹೊತ್ತು 1930ರಲ್ಲಿ ರೆಡ್ಡಿ ಮತ್ತು ಅವರ ಜೊತೆಗಾರರು ಪ್ರಜಾಪಕ್ಷ ಕಟ್ಟಿದರು. ರೈತರ ಕಷ್ಟಗಳನ್ನು ಮುಂದಿಟ್ಟು ಹಳ್ಳಿಗಳಲ್ಲಿ ಬೆಳೆದ ಪಕ್ಷ ಅದು. ಅದಕ್ಕೂ ಮೊದಲು, 1917ರಲ್ಲಿ, ಬ್ರಾಹ್ಮಣೇತರ ಸಮುದಾಯಗಳ ವಿದ್ಯಾವಂತರು ಪ್ರಜಾಮಿತ್ರ ಮಂಡಳಿ ಕಟ್ಟಿ ಸರ್ಕಾರಿ ನೌಕರಿಯಲ್ಲಿ ಪಾಲು ಕೇಳಿದ್ದರು. ಇವೆರಡೂ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1935ರಿಂದ 1937ರವರೆಗೆ ರೆಡ್ಡಿಯವರೇ ಅದರ ಅಧ್ಯಕ್ಷರು. 1937ರಲ್ಲಿ ಆ ಪಕ್ಷವನ್ನು ಅವರು ಕಾಂಗ್ರೆಸ್ಸಿನಲ್ಲಿ ವಿಲೀನಗೊಳಿಸಿದರು. ಅವರ ಇಡೀ ಜೀವನದಲ್ಲಿ ಇದೇ ಅತ್ಯಂತ ದೂರದೃಷ್ಟಿಯ ನಡೆ ಎನ್ನಬೇಕು. ಅಲ್ಲಿಯತನಕ ಮೈಸೂರಿನ ಕಾಂಗ್ರೆಸ್ಸು ಬಹುಪಾಲು ಪಟ್ಟಣದ ವಕೀಲರ, ಪತ್ರಕರ್ತರ ಸಂಘಟನೆ. ಅದಕ್ಕೆ ರಾಷ್ಟ್ರೀಯ ಚಳವಳಿಯ ಬಲವಿತ್ತು, ಹಳ್ಳಿಯ ಬೇರಿರಲಿಲ್ಲ. ಪ್ರಜಾ ಸಂಯುಕ್ತ ಪಕ್ಷಕ್ಕೆ ಹಳ್ಳಿಯ ಬೇರಿತ್ತು, ಸಂಸ್ಥಾನದ ಗಡಿಯಾಚೆ ಕೈ ಹಿಡಿಯುವವರಿರಲಿಲ್ಲ. ವಿಲೀನದ ಆ ವರ್ಷವೇ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷತೆ ರೆಡ್ಡಿಯವರಿಗೆ ಬಂತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಈ ವಿಲೀನದಿಂದ ಲಾಭವಾದದ್ದು ಭೂಮಿ ಇದ್ದ ಪ್ರಬಲ ಸಮುದಾಯಗಳಿಗೆ. ದಿವಾನರ ಜಾಗಕ್ಕೆ ಊರ ಗೌಡರು ಬಂದರು, ಜಮೀನಿಲ್ಲದವರ ಪಾಡು ಬದಲಾಗಲಿಲ್ಲ ಎನ್ನುವವರಿದ್ದಾರೆ. ಹಳೇ ಮೈಸೂರಿನ ರಾಜಕೀಯದ ಬಗ್ಗೆ ಆಳವಾಗಿ ಬರೆದ ಜೇಮ್ಸ್ ಮೇನರ್ ಅವರಂಥ ವಿದ್ವಾಂಸರೂ ಭೂಮಾಲೀಕ ಸಮುದಾಯಗಳ ಹಿಡಿತವನ್ನು ಎತ್ತಿ ತೋರಿಸಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದಕ್ಕೆ ಇನ್ನೊಂದು ಮುಖವೂ ಇದೆ. ಮತದ ಮೂಲಕ ಸರ್ಕಾರ ಬೀಳಿಸಬಹುದು ಎಂಬ ನಿಯಮ ಒಮ್ಮೆ ನೆಲೆಗೊಂಡರೆ ಅದು ಮೊದಲು ಗೆದ್ದವರ ಆಸ್ತಿಯಾಗಿ ಉಳಿಯುವುದಿಲ್ಲ. 1972ರಲ್ಲಿ ದೇವರಾಜ ಅರಸು ಹಿಂದುಳಿದವರನ್ನೂ ದಲಿತರನ್ನೂ ಕೂಡಿಸಿ ಅಧಿಕಾರ ಹಿಡಿದದ್ದು, ಭೂಸುಧಾರಣೆ ತಂದದ್ದು ಅದೇ ನಿಯಮದ ಆಸರೆಯಲ್ಲಿ. ಅರಮನೆಯ ಆಡಳಿತ ಎಷ್ಟೇ ಒಳ್ಳೆಯದಾಗಿದ್ದರೂ ಅಂಥ ತಿರುವಿಗೆ ಅದರಲ್ಲಿ ದಾರಿ ಇರಲಿಲ್ಲ.

ಬೀದಿಯೂ ಬೇಕು, ಮೇಜೂ ಬೇಕು

1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಕೊನೆಗೂ ಹೊಂದಿಕೆಯಾಗಲಿಲ್ಲ. ಸರದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿ ಒಂದು ಒಪ್ಪಂದಕ್ಕೆ ಬಂದರು. ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಧ್ವಜ ಹಾರಿಸುವ ಹಕ್ಕು ಸಿಕ್ಕಿತು. ಜವಾಬ್ದಾರಿ ಸರ್ಕಾರ ಸಿಗಲಿಲ್ಲ. ಅದಕ್ಕೆ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.

1947ರ ಆಗಸ್ಟ್ 9ರಂದು ಮಹಾರಾಜ ಜಯಚಾಮರಾಜ ಒಡೆಯರ್ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಆಗಸ್ಟ್ 15ರ ನಂತರವೂ ಸಂಸ್ಥಾನದೊಳಗೆ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರ ಆಡಳಿತ ಹಾಗೇ ಮುಂದುವರಿಯಿತು. ದೆಹಲಿಯಲ್ಲಿ ಪ್ರಜಾ ಸರ್ಕಾರ, ಮೈಸೂರಿನಲ್ಲಿ ದಿವಾನರ ಸರ್ಕಾರ. ಇದನ್ನು ಒಪ್ಪದೆ ಕಾಂಗ್ರೆಸ್ಸು ಸೆಪ್ಟೆಂಬರ್ ಆರಂಭದಲ್ಲಿ ‘ಮೈಸೂರು ಚಲೋ’ ಶುರು ಮಾಡಿತು. ಆಗ ಪಕ್ಷದ ಅಧ್ಯಕ್ಷತೆ ಎರಡನೇ ಬಾರಿಗೆ ರೆಡ್ಡಿಯವರ ಹೆಗಲ ಮೇಲಿತ್ತು. ಅವರೂ ಇತರ ಮುಂದಾಳುಗಳೂ ಬಂಧನಕ್ಕೊಳಗಾದರು. ವಿದ್ಯಾರ್ಥಿಗಳು ಬೀದಿಗಿಳಿದರು, ತಾಲ್ಲೂಕು ಕಚೇರಿಗಳ ಮೇಲೆ ಧ್ವಜ ಏರಿತು. ಮೈಸೂರು ನಗರದಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಅಲ್ಲಿನ ವೃತ್ತವೊಂದಕ್ಕೆ ಇಂದಿಗೂ ಇದೆ. ಸುಮಾರು ಆರು ವಾರಗಳ ಹೋರಾಟದ ನಂತರ ಅಕ್ಟೋಬರ್‌ನಲ್ಲಿ ಅರಮನೆ ಒಪ್ಪಿತು. ಅಕ್ಟೋಬರ್ 25ರಂದು ರೆಡ್ಡಿಯವರ ಸಂಪುಟ ಅಧಿಕಾರಕ್ಕೆ ಬಂತು. ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಅವರಂಥ ಕಾಂಗ್ರೆಸ್ಸಿಗರ ಜೊತೆಗೆ ಕಾಂಗ್ರೆಸ್ಸಿನ ಹೊರಗಿನವರಿಗೂ ಅದರಲ್ಲಿ ಜಾಗವಿತ್ತು.

ಇದು ಅರೆಮನಸ್ಸಿನ ರಾಜಿ ಎಂದು ಅಂದೂ ಟೀಕೆ ಬಂತು, ಇಂದೂ ಬರುತ್ತದೆ. ಮೊದಲಿಯಾರರು 1949ರವರೆಗೆ ದಿವಾನರಾಗಿಯೇ ಇದ್ದರು. ಮಹಾರಾಜರು 1950ರಲ್ಲಿ ರಾಜಪ್ರಮುಖರು, ಅಂದರೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು, ಆದರು. ಚಳವಳಿ ಗೆದ್ದ ಮೇಲೆ ಇಷ್ಟು ಬಿಟ್ಟುಕೊಡಬೇಕಿತ್ತೇ? ರೆಡ್ಡಿಯವರ ಕ್ರಮ ಸರಿ ಎಂದೇ ನನಗೆ ಅನ್ನಿಸುತ್ತದೆ. ಕುರ್ಚಿಗಳ ಹೆಸರು ಯಾವುದಿರಲಿ, ತೀರ್ಮಾನ ಎಲ್ಲಿ ಆಗುತ್ತದೆ ಎಂಬುದು ಮುಖ್ಯ. ಹೊಸ ಸಂವಿಧಾನ ಸಭೆ ಮೈಸೂರಿನಲ್ಲೇ ಕೂತಿತು. ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂಬುದು 1949ರ ನವೆಂಬರ್‌ನ ಮಹಾರಾಜರ ಘೋಷಣೆಯೊಂದಿಗೆ ಖಚಿತವಾಯಿತು. ಡಿಸೆಂಬರ್‌ನಲ್ಲಿ ಹಳೆಯ ಎರಡೂ ಸಭೆಗಳು ಕೊನೆಗೊಂಡವು. ಎರಡು ವರ್ಷದಲ್ಲಿ ದಿವಾನರ ಹುದ್ದೆ ತಾನಾಗಿ ಅಪ್ರಸ್ತುತವಾಯಿತು. ಪಕ್ಕದ ಹೈದರಾಬಾದಿನಲ್ಲಿ ಇದೇ ಪ್ರಶ್ನೆ ಮಾತುಕತೆಯಲ್ಲಿ ಬಗೆಹರಿಯದೆ ರಜಾಕಾರರ ಹಿಂಸೆ, 1948ರ ಸೆಪ್ಟೆಂಬರ್‌ನ ಸೈನಿಕ ಕಾರ್ಯಾಚರಣೆ, ಅದರ ಬೆನ್ನಿಗೆ ಬಂದ ಸಾವುನೋವು ಕಂಡವರಿಗೆ ಮೈಸೂರಿನ ರಾಜಿಯ ಬೆಲೆ ತಿಳಿಯುತ್ತದೆ.

ನಾಲ್ಕೂವರೆ ವರ್ಷದ ಆಡಳಿತ

ಆಡಳಿತದ ಸಾಧನೆಗಳನ್ನು ಎಣಿಸಲು ಹೊರಟರೆ ಒಂದಷ್ಟು ಸಿಗುತ್ತವೆ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಶುರುವಾಯಿತು. ಇಂದಿನ ಕೆಎಸ್‌ಆರ್‌ಟಿಸಿಯ ಹುಟ್ಟು ಅದೇ. ವಿಧಾನಸೌಧದ ಅಡಿಗಲ್ಲನ್ನು ನೆಹರೂ ಇಟ್ಟದ್ದು 1951ರ ಜುಲೈ 13ರಂದು, ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ. ಆಗಿನ ನಕ್ಷೆ ಸರಳವಾದದ್ದು. ಅದನ್ನು ಬದಲಿಸಿ ಇಂದಿನ ಭವ್ಯ ರೂಪ ಕೊಟ್ಟವರು ಕೆಂಗಲ್ ಹನುಮಂತಯ್ಯ. ಆ ಕೀರ್ತಿ ಅವರಿಗೇ ಸಲ್ಲಬೇಕು.

ಇದಕ್ಕಿಂತ ಕಷ್ಟದ ಕೆಲಸ ಒಂದಿತ್ತು, ಅದರ ನೆನಪು ಯಾರಿಗೂ ಇಲ್ಲ. ಸಂಸ್ಥಾನವಾಗಿದ್ದಾಗ ಮೈಸೂರಿಗೆ ತನ್ನದೇ ರೈಲು, ತನ್ನದೇ ಆದಾಯದ ಮೂಲಗಳು ಇದ್ದವು. ಒಕ್ಕೂಟದ ಹಣಕಾಸು ವ್ಯವಸ್ಥೆಗೆ ಸೇರಿದಾಗ 1950ರ ಏಪ್ರಿಲ್‌ನಿಂದ ರೈಲ್ವೆ ಕೇಂದ್ರಕ್ಕೆ ಹೋಯಿತು, ಮರುವರ್ಷ ದಕ್ಷಿಣ ರೈಲ್ವೆಯಲ್ಲಿ ಸೇರಿತು. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಎರಡು ಆಡಳಿತಗಳ ರೈಲುಗಳು ಒಂದಾದವು: ಮದ್ರಾಸಿನ ಕಡೆಯ ಬ್ರಾಡ್‌ಗೇಜ್, ಕೋಲಾರ ಚಿಕ್ಕಬಳ್ಳಾಪುರದ ಕಡೆ ಹೋಗುವ ಮೈಸೂರಿನ ನ್ಯಾರೋಗೇಜ್. ಸ್ವಂತ ರೈಲು ಇಟ್ಟುಕೊಂಡಿದ್ದ ರಾಜ್ಯ ಅದನ್ನು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಅರಮನೆಯ ಕೈಯಿಂದ ಜನರ ಸಭೆಗೆ ಅಧಿಕಾರ ತಂದ ಸರ್ಕಾರವೇ ಅದರ ಒಂದು ಭಾಗವನ್ನು ದೆಹಲಿಯ ಸಂಸತ್ತಿಗೆ ಒಪ್ಪಿಸಿತು. ಮುಂದೆ ಕೋಲಾರದ ಜನರಿಗೆ ಬೇಕಾದ ಹಲವು ತೀರ್ಮಾನಗಳು ದೆಹಲಿಯಲ್ಲಿ ಆಗುವ ಸ್ಥಿತಿ ಬಂದದ್ದು ಹೀಗೆ. ಅದರ ಫಲ ಗಣಿಯ ವಿಚಾರದಲ್ಲಿ ಕಾಣುತ್ತದೆ.

1952ರಲ್ಲಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕಿನ ಮೊದಲ ಚುನಾವಣೆ ಬಂತು. ಕಾಂಗ್ರೆಸ್ಸಿಗೆ ದೊಡ್ಡ ಬಹುಮತ ಸಿಕ್ಕರೂ ಶಾಸಕಾಂಗ ಪಕ್ಷದ ನಾಯಕತ್ವ ಹನುಮಂತಯ್ಯನವರಿಗೆ ಹೋಯಿತು. ಮಾರ್ಚ್ 30ರಂದು ರೆಡ್ಡಿ ಇಳಿದರು, ಹನುಮಂತಯ್ಯ ಏರಿದರು. ರೆಡ್ಡಿಯವರ ಸೋಲು ಎಂದು ಇದನ್ನು ಬರೆಯುವವರಿದ್ದಾರೆ. ಪಕ್ಷದೊಳಗಿನ ಪೈಪೋಟಿಯಲ್ಲಿ ಅದು ಸೋಲೇ. ಆದರೆ ಅವರು ಇಪ್ಪತ್ತೆರಡು ವರ್ಷ ಹೋರಾಡಿದ್ದು ಇದಕ್ಕೇ ಅಲ್ಲವೇ? ಸಭೆಯಲ್ಲಿ ಬಹುಮತ ಯಾರ ಹಿಂದಿದೆಯೋ ಅವರು ಆಳಬೇಕು, ಇಲ್ಲದವರು ಎದ್ದು ಹೋಗಬೇಕು. ಅದು ಎಷ್ಟು ಅಪರೂಪದ ಸಂಗತಿ ಎಂಬುದಕ್ಕೆ ನೆರೆಯ ಪಾಕಿಸ್ತಾನವೇ ಸಾಕ್ಷಿ. ಅಲ್ಲಿ ಅದೇ ದಶಕದಲ್ಲಿ ಪ್ರಧಾನಿಗಳು ಒಬ್ಬರ ಹಿಂದೆ ಒಬ್ಬರು ಪದಚ್ಯುತರಾದರು, 1958ರಲ್ಲಿ ಸೈನ್ಯ ಬಂತು, ವಯಸ್ಕ ಮತದಾನದ ಮೊದಲ ರಾಷ್ಟ್ರೀಯ ಚುನಾವಣೆ ನಡೆದದ್ದು 1970ರಲ್ಲಿ. ಸಂಸದೀಯ ಬದುಕನ್ನೇ ನಂಬಿದ್ದ ಅಲ್ಲಿನ ಎಷ್ಟೋ ರಾಜಕಾರಣಿಗಳಿಗೆ ನಿಂತು ಸೋಲಲು ಒಂದು ಸಭೆಯೇ ಉಳಿಯಲಿಲ್ಲ.

ಒಂದು ಕ್ಷೇತ್ರ, ಇಬ್ಬರು ಸದಸ್ಯರು

ರಾಜ್ಯಸಭೆಯ ಮೂಲಕ ದೆಹಲಿಗೆ ಹೋದ ರೆಡ್ಡಿಯವರಿಗೆ ನೆಹರೂ ಹೊಸದಾಗಿ ರಚಿಸಿದ ಉತ್ಪಾದನಾ ಖಾತೆ ಕೊಟ್ಟರು. ಸಿಂದ್ರಿಯ ಗೊಬ್ಬರ, ವಿಶಾಖಪಟ್ಟಣದ ಹಡಗು, ಪಿಂಪ್ರಿಯ ಪೆನ್ಸಿಲಿನ್, 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿ, ಹೀಗೆ ಸರ್ಕಾರ ತಾನೇ ಕಟ್ಟಿ ನಡೆಸಹೊರಟ ಕಾರ್ಖಾನೆಗಳು ಆ ಖಾತೆಯಡಿ ಬಂದವು. ಸಾರ್ವಜನಿಕ ಹಣದಲ್ಲಿ ನಡೆಯುವ ಕಾರ್ಖಾನೆ ಸಂಸತ್ತಿಗೆ ಎಷ್ಟರಮಟ್ಟಿಗೆ ಲೆಕ್ಕ ಒಪ್ಪಿಸಬೇಕು ಎಂಬುದು ಆಗ ಹೊಸ ಪ್ರಶ್ನೆ. 1957ರ ನಂತರ ಅವರು ಕಾಮಗಾರಿ, ವಸತಿ ಮತ್ತು ಸರಬರಾಜು ಸಚಿವರಾದರು, ಆಮೇಲೆ ವಾಣಿಜ್ಯ ಮತ್ತು ಕೈಗಾರಿಕೆ ಸಚಿವರು.

1957ರ ಲೋಕಸಭಾ ಚುನಾವಣೆಯಲ್ಲಿ ಅವರು ನಿಂತದ್ದು ತವರು ಕ್ಷೇತ್ರ ಕೋಲಾರದಿಂದ. ಫಲಿತಾಂಶದ ಪಟ್ಟಿಯಲ್ಲಿ ಕೋಲಾರದ ಮುಂದೆ ಎರಡು ಹೆಸರುಗಳಿವೆ: ಕೆ. ಚೆಂಗಲರಾಯ ರೆಡ್ಡಿ ಮತ್ತು ದೊಡ್ಡತಿಮ್ಮಯ್ಯ. ಇಬ್ಬರೂ ಒಂದೇ ಕ್ಷೇತ್ರದಿಂದ, ಒಂದೇ ಬಾರಿಗೆ ಗೆದ್ದವರು. ಇದು ಇಂದಿನ ಓದುಗರಿಗೆ ವಿಚಿತ್ರವೆನಿಸಬಹುದು. ಮೊದಲ ಎರಡು ಚುನಾವಣೆಗಳಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ ಹೆಚ್ಚಾಗಿ ಹೀಗೆ ನಡೆಯುತ್ತಿತ್ತು. ದೊಡ್ಡ ಕ್ಷೇತ್ರವೊಂದಕ್ಕೆ ಎರಡು ಸ್ಥಾನ, ಅದರಲ್ಲಿ ಒಂದು ಮೀಸಲು. ಪ್ರತಿ ಮತದಾರನಿಗೂ ಎರಡು ಮತ. ಮೀಸಲು ಸ್ಥಾನಕ್ಕೆ ಪರಿಶಿಷ್ಟ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರು, ಇನ್ನೊಂದಕ್ಕೆ ಉಳಿದವರಲ್ಲಿ ಯಾರೇ ಆಗಲಿ ಹೆಚ್ಚು ಮತ ಪಡೆದವರು. ಆ ವರ್ಷ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸ್ಥಾನ ಪರಿಶಿಷ್ಟ ಪಂಗಡದವರ ಪಾಲಾಗಿ, ಮುಂದೆ ಮೈಸೂರಿನ ರಾಜ್ಯಪಾಲರೂ ರಾಷ್ಟ್ರಪತಿಯೂ ಆದ ವಿ.ವಿ. ಗಿರಿ ಸೋತರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು, ಗಿರಿಯವರಿಗೆ ಅಲ್ಲೂ ಜಯ ಸಿಗಲಿಲ್ಲ. 1961ರಲ್ಲಿ ಸಂಸತ್ತು ಕಾನೂನು ತಂದು ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದುಪಡಿಸಿತು.

ಕೋಲಾರಕ್ಕೆ ಇದರಿಂದ ಆದ ಬದಲಾವಣೆ ದೊಡ್ಡದು. ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು, ಇಂದಿಗೂ ಹಾಗೇ ಇದೆ. ಮೊದಲ ಮುಖ್ಯಮಂತ್ರಿಯ ತವರು ಕ್ಷೇತ್ರದಲ್ಲಿ ಅವರ ಸಮುದಾಯದವರು ಲೋಕಸಭೆಗೆ ನಿಲ್ಲುವ ದಾರಿ ಮುಚ್ಚಿತು. ದೊಡ್ಡತಿಮ್ಮಯ್ಯನವರ ನಂತರ ಜಿ.ವೈ. ಕೃಷ್ಣನ್ 1967ರಿಂದ ಸತತ ನಾಲ್ಕು ಬಾರಿ, ಕೆ.ಎಚ್. ಮುನಿಯಪ್ಪ 1991ರಿಂದ ಸತತ ಏಳು ಬಾರಿ ಗೆದ್ದು ಬಂದರು. ಮುನಿಯಪ್ಪನವರು ರೈಲ್ವೆ ಸೇರಿದಂತೆ ಹಲವು ಖಾತೆಗಳ ರಾಜ್ಯ ಸಚಿವರಾದರು, 2019ರಲ್ಲಿ ಎಸ್. ಮುನಿಸ್ವಾಮಿಯವರ ಎದುರು ಸೋತರು. ಪ್ರಬಲ ಸಮುದಾಯಗಳ ಆಳ್ವಿಕೆ ಎಂದು ಜವಾಬ್ದಾರಿ ಸರ್ಕಾರವನ್ನು ಟೀಕಿಸುವವರಿಗೆ ಕೋಲಾರದ ಈ ಸಾಲು ಒಂದು ಉತ್ತರ. ಪೂರ್ತಿ ಉತ್ತರವಲ್ಲ. ಮೀಸಲು ಕ್ಷೇತ್ರದ ಸದಸ್ಯನೂ ಗೆಲ್ಲಬೇಕಾದರೆ ಎಲ್ಲ ಸಮುದಾಯಗಳ ಮತ ಬೇಕು, ಹಳ್ಳಿಯ ಬಲಿಷ್ಠರ ಒಪ್ಪಿಗೆ ಬೇಕು ಎಂಬ ಅಂಬೇಡ್ಕರ್‌ವಾದಿಗಳ ಹಳೆಯ ದೂರು ಇಲ್ಲಿಗೂ ಅನ್ವಯಿಸುತ್ತದೆ. ಹೀಗಿದ್ದರೂ ಮಂತ್ರಿಯೊಬ್ಬರ ಜೊತೆ ಎರಡನೇ ಹೆಸರಾಗಿ ಬರುತ್ತಿದ್ದ ದಲಿತ ಸದಸ್ಯ ಕ್ಷೇತ್ರದ ಏಕೈಕ ಸದಸ್ಯನಾದದ್ದು ಸಣ್ಣ ಪಲ್ಲಟವಲ್ಲ.

ಭೋಪಾಲದ ಜುಲೈ

ರಾಜ್ಯಪಾಲರ ಹುದ್ದೆಯನ್ನು ನಿವೃತ್ತಿಯ ಬಹುಮಾನ ಎಂದು ನೋಡುವುದುಂಟು. ರೆಡ್ಡಿಯವರ ಪಾಲಿಗೆ ಅದು ಹಾಗೆ ಕಳೆಯಲಿಲ್ಲ. 1967ರ ಜುಲೈನಲ್ಲಿ ಮಧ್ಯಪ್ರದೇಶದ ಕಾಂಗ್ರೆಸ್ಸು ಒಡೆಯಿತು. ಗೋವಿಂದ ನಾರಾಯಣ ಸಿಂಗ್ ಅವರ ಜೊತೆ 36 ಶಾಸಕರು ಮುಖ್ಯಮಂತ್ರಿ ಡಿ.ಪಿ. ಮಿಶ್ರಾ ಅವರ ಕೈ ಬಿಟ್ಟರು. ವಿಧಾನಸಭೆ ಬಜೆಟ್ ಅಧಿವೇಶನದಲ್ಲಿ ಕೂತಿದ್ದಾಗಲೇ ಅದನ್ನು ಮುಂದೂಡಿ ಎಂದು ಮಿಶ್ರಾ ಸಲಹೆ ಕೊಟ್ಟರು. ರೆಡ್ಡಿ ಒಪ್ಪಿ ಮುಂದೂಡಿದರು. ಬಹುಮತ ಕಳೆದುಕೊಳ್ಳುತ್ತಿರುವ ಮುಖ್ಯಮಂತ್ರಿಗೆ ಉಸಿರಾಡಲು ಸಮಯ ಕೊಟ್ಟಂತಾಯಿತು ಎಂದು ವಿರೋಧ ಪಕ್ಷಗಳು ಕೂಗೆಬ್ಬಿಸಿದವು. ರಾಜ್ಯಪಾಲರ ಅಧಿಕಾರದ ಬಗ್ಗೆ ಬರೆಯುವವರು ಈ ಪ್ರಸಂಗವನ್ನು ಇಂದಿಗೂ ಎತ್ತುತ್ತಾರೆ.

ಅವರ ಪರವಾಗಿ ಹೇಳಬಹುದಾದದ್ದು ಇಷ್ಟು: ಮುಖ್ಯಮಂತ್ರಿಯ ಸಲಹೆಯಂತೆ ನಡೆಯುವುದೇ ರಾಜ್ಯಪಾಲರ ಕರ್ತವ್ಯ, ತಮಗೆ ತೋಚಿದಂತೆ ನಡೆದರೆ ಅವರೇ ಹಳೆಯ ದಿವಾನರಾಗುತ್ತಾರೆ. ಆದರೆ ಸಭೆಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲು ಕೊಟ್ಟ ಸಲಹೆಗೂ ಅದೇ ಮರ್ಯಾದೆ ಸಲ್ಲಬೇಕೇ? ಪ್ರಜಾಪಕ್ಷ ಕಟ್ಟಿದ ಮನುಷ್ಯನಿಂದ ನಾನು ಬೇರೆ ನಡೆ ನಿರೀಕ್ಷಿಸುತ್ತೇನೆ. ಸಭೆ ಬಹಳ ದಿನ ಮುಚ್ಚಿರಲಿಲ್ಲ ಎಂಬುದೂ ನಿಜ. ಅದೇ ತಿಂಗಳ ಕೊನೆಗೆ ಮತ್ತೆ ಸೇರಿತು, ಮಿಶ್ರಾ ಸರ್ಕಾರ ಸೋತಿತು, ಜುಲೈ 30ರಂದು ಸಂಯುಕ್ತ ವಿಧಾಯಕ ದಳದ ಸರ್ಕಾರ ಬಂತು. ತೀರ್ಮಾನ ರಾಜಭವನದಲ್ಲಿ ಆಗದೆ ಸದನದಲ್ಲೇ ಆಯಿತು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ರಾಜಭವನದ ಮುಂದೆ ನಡೆದ ಶಾಸಕರ ಪೆರೇಡುಗಳನ್ನು ಕಂಡ ನಮಗೆ ಆ ಜುಲೈ ಹಳೆಯ ಕಥೆಯೆನಿಸುವುದಿಲ್ಲ.

ಗಣಿಯ ಗೇಟಿನಾಚೆ

ರೆಡ್ಡಿಯವರ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾಗಬೇಕಾಗಿದ್ದದ್ದು ಅವರ ಹಳ್ಳಿಯಿಂದ ದೂರವೇನಲ್ಲದ ಚಿನ್ನದ ಗಣಿಗಳಲ್ಲಿ. 1880ರ ದಶಕದಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಈ ಗಣಿಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರಿದ್ದರು, ಬಹುಪಾಲು ತಮಿಳು ಮಾತಾಡುವ ದಲಿತರು. ಲೈನ್ ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಕಾವಲು ಕಂಪನಿಯದು. ಹೆಬ್ಬೆಟ್ಟಿನ ಗುರುತು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕು ಎಂದು 1930ರಲ್ಲಿ ಕಂಪನಿ ಹೇಳಿದಾಗ ಇಡೀ ಗಣಿ ಪ್ರದೇಶ ಮುಷ್ಕರಕ್ಕಿಳಿದು ಮೂರು ವಾರ ಕೆಲಸ ನಿಲ್ಲಿಸಿತು. ಪ್ರಜಾಪಕ್ಷ ಹುಟ್ಟಿದ ವರ್ಷವೂ ಅದೇ. ಬಯಲಿನ ರೈತರು ದಿವಾನರನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ ಶಾಫ್ಟಿನ ಬಾಯಲ್ಲಿ ಕಾರ್ಮಿಕರು ಕಂಪನಿಯನ್ನು ಕೇಳುತ್ತಿದ್ದರು. ಈ ಎರಡು ಧಾರೆಗಳು ಕೂಡಲಿಲ್ಲ. 1946ರ ನವೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಗಣಿ ಕಾರ್ಮಿಕರು ಬಲಿಯಾದಾಗಲೂ ಅವರ ಸಂಘಟನೆ ಕಮ್ಯುನಿಸ್ಟರ, ಅಂಬೇಡ್ಕರ್‌ವಾದಿಗಳ ಕೈಯಲ್ಲಿತ್ತು, ಕಾಂಗ್ರೆಸ್ಸಿನದು ಹೊರಗಿನ ದನಿ. ಮುಂದೆ ಕೆಜಿಎಫ್ ವಿಧಾನಸಭಾ ಕ್ಷೇತ್ರ ಆರಿಸಿ ಕಳಿಸಿದವರನ್ನು ನೋಡಿದರೂ ಇದು ಗೊತ್ತಾಗುತ್ತದೆ: ಕಮ್ಯುನಿಸ್ಟ್ ಎಂ.ಸಿ. ನರಸಿಂಹನ್, ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ, ಅಣ್ಣಾಡಿಎಂಕೆಯ ಎಂ. ಭಕ್ತವತ್ಸಲಂ.

ರೆಡ್ಡಿಯವರ ಸರ್ಕಾರ ಇದ್ದಷ್ಟು ದಿನವೂ ಗಣಿಗಳು ಕಂಪನಿಯ ಕೈಯಲ್ಲೇ ಇದ್ದವು. ಅರಮನೆಯ ಅಧಿಕಾರಕ್ಕೆ ಎದುರು ನಿಂತವರು ಲಂಡನ್ನಿನ ಕಂಪನಿಗೆ ಏಕೆ ಎದುರು ನಿಲ್ಲಲಿಲ್ಲ? ಹೊಸ ಸರ್ಕಾರಕ್ಕೆ ಹಣದ ಮುಗ್ಗಟ್ಟಿತ್ತು, ಆಹಾರದ ಅಭಾವವಿತ್ತು, ಗಣಿಯ ಆದಾಯ ಕಳೆದುಕೊಳ್ಳುವ ಧೈರ್ಯ ಇರಲಿಲ್ಲ ಎಂದು ಸಮಾಧಾನ ಹೇಳಬಹುದು. ಈ ಸಮಾಧಾನ ನನಗೆ ಸಾಲದು. ಅವರ ರಾಜಕಾರಣದ ಮೂಲ ಬಲ ಜಮೀನಿದ್ದ ರೈತರಲ್ಲಿತ್ತು. ಗಣಿಯ ಕಾರ್ಮಿಕ ಅವರ ಕಣ್ಣಿಗೆ ಪ್ರಜೆಯಾಗಿ ಕಂಡದ್ದಕ್ಕಿಂತ ಹೊರಗಿನಿಂದ ಬಂದ ಕೂಲಿಯಾಗಿ ಕಂಡದ್ದೇ ಹೆಚ್ಚಿರಬೇಕು. ಕೊನೆಗೆ ಗಣಿಗಳನ್ನು ಮೈಸೂರು ಸರ್ಕಾರ ವಶಕ್ಕೆ ಪಡೆದದ್ದು 1956ರ ನವೆಂಬರ್‌ನಲ್ಲಿ. ಆರು ವರ್ಷದ ನಂತರ, 1962ರ ಡಿಸೆಂಬರ್ 1ರಂದು, ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. 2001ರ ಫೆಬ್ರುವರಿ 28ಕ್ಕೆ ಬೀಗ ಬಿತ್ತು.

ಮಾಲೀಕ ಲಂಡನ್ನಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಗೆ ಬದಲಾದ. ಪ್ರತಿ ಬಾರಿಯೂ ಮತ ಕೇಳಿ ಬಂದ ಶಾಸಕರಿದ್ದರು, ಸಂಸದರಿದ್ದರು. ಆದರೆ ಗಣಿ ಇರಬೇಕೋ ಮುಚ್ಚಬೇಕೋ, ಲೈನ್ ಮನೆಗಳ ಹಕ್ಕುಪತ್ರ ಯಾರಿಗೆ, ಸೈನೈಡ್ ದಿಬ್ಬದ ಧೂಳಿಗೆ ಯಾರು ಹೊಣೆ ಎಂಬ ತೀರ್ಮಾನಗಳು ಅಲ್ಲಿ ಬದುಕುವವರ ಮುಂದೆ ನಡೆಯಲಿಲ್ಲ. ಕಡತ ಹೋದಲ್ಲೆಲ್ಲ ಅದು ಇನ್ನೊಂದು ಇಲಾಖೆಯ ವಿಷಯ ಎಂಬ ಉತ್ತರ ಬಂತು. ರೆಡ್ಡಿಯವರನ್ನು ಮೊದಲ ಮುಖ್ಯಮಂತ್ರಿ ಎಂದು ಪಠ್ಯದಲ್ಲಿ ಒಂದು ಸಾಲಿಗೆ ಮುಗಿಸುವ ಬದಲು, 1881ರ ಸಭೆ, 1947ರ ಚಳವಳಿ, 1957ರ ಜೋಡಿ ಕ್ಷೇತ್ರ ಇವುಗಳ ಜೊತೆಗೇ 1930ರ ಗಣಿ ಮುಷ್ಕರವನ್ನೂ ಸೇರಿಸಿ ಕೋಲಾರ ಜಿಲ್ಲೆಯ ಮಕ್ಕಳಿಗೆ ಕಲಿಸಬೇಕು. ಕ್ಯಾಸಂಬಳ್ಳಿ ಮತ್ತು ಗಣಿ ಪ್ರದೇಶದ ಚಾಂಪಿಯನ್ ರೀಫ್ ಇಂದು ಒಂದೇ ತಾಲ್ಲೂಕಿನಲ್ಲಿವೆ, ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಮತ ಹಾಕುತ್ತವೆ. ಗಣಿ ಜಮೀನಿನ ಮುಂದಿನ ಬಳಕೆಯ ಬಗ್ಗೆ ದೆಹಲಿ ಮತ್ತು ಬೆಂಗಳೂರು ಏನೇ ನಿರ್ಧರಿಸಲಿ, ಅದನ್ನು ಮೊದಲು ವಿವರಿಸಬೇಕಾದದ್ದು ಆ ಎರಡೂ ಊರಿನ ಜನರಿಗೆ.